ನಂಬಿಕೆ ಇಲ್ಲದವನು ಗೆಳೆಯರ ಜೊತೆ ದೇವೀರಮ್ಮನ ಬೆಟ್ಟ ಹತ್ತಬಹುದಾ?

ಕಾಫಿಕಣ, ಚಿಕ್ಕಮಗಳೂರು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ನಾಲ್ಕು ಜನ ಗೆಳೆಯರು, ಹೈಸ್ಕೂಲಿನಿಂದ ಜೊತೆ. ಒಬ್ಬ ಕಾಫಿ ತೋಟದಲ್ಲಿ ಲೆಕ್ಕಪತ್ರ ಬರೆಯುವ ರೈಟರ್, ಒಬ್ಬನದು ಗ್ಯಾರೇಜು, ಒಬ್ಬ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ನಾನು ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇದ್ದೇನೆ. ತಿಂಗಳಿಗೊಂದು ಭಾನುವಾರ ಬೆಟ್ಟ ಹತ್ತುವುದು ನಮ್ಮ ರೂಢಿ. ಎತ್ತಿನಭುಜ, ಬಲ್ಲಾಳರಾಯನ ದುರ್ಗ, ಕೆಮ್ಮಣ್ಣುಗುಂಡಿ ಕಡೆ, ಹೀಗೆ ಸುತ್ತಿದ್ದೇವೆ. ನನಗೆ ದೇವರಲ್ಲಿ ನಂಬಿಕೆ ಇಲ್ಲ. ಅದು ಅವರಿಗೆಲ್ಲ ಗೊತ್ತು, ಯಾವತ್ತೂ ಅದರಿಂದ ಜಗಳ ಆಗಿರಲಿಲ್ಲ.

ಹೋದ ವರ್ಷ ನರಕ ಚತುರ್ದಶಿಗೆ ನಾಲ್ವರೂ, ಜನ ದೇವಿಯ ದರ್ಶನಕ್ಕೆ ವರ್ಷಕ್ಕೊಮ್ಮೆ ಹತ್ತುವ ದೇವೀರಮ್ಮನ ಬೆಟ್ಟ ಹತ್ತಿದೆವು. ಮೇಲೆ ಹೋದಾಗ ಬೆಳಕು ಹರಿಯುತ್ತಿತ್ತು. ನಾನು ಒಂದು ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆ. ‘ಈ ವರ್ಷದ ಒಂಬತ್ತನೇ ಟ್ರೆಕ್ಕಿಂಗ್ ಮುಗೀತು’ ಅಂತ ಬರೆದಿದ್ದೆ. ಫೋಟೊದಲ್ಲಿ ರೈಟರ್ ಗೆಳೆಯ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದ. ಅವನ ಹೆಗಲ ಮೇಲೆ ಅವನಮ್ಮ ದೇವಿಗೆ ಅಂತ ಕೊಟ್ಟು ಕಳಿಸಿದ್ದ ಸೀರೆ ಇತ್ತು.

ಅವನು ಒಂದು ವರ್ಷ ಏನೂ ಅನ್ನಲಿಲ್ಲ. ಮೊನ್ನೆ ಈ ಸಲದ ಮಾತು ಬಂದಾಗ ಹೇಳಿದ: ‘ನೀನು ಬರಬೇಡ. ನಿನಗದು ಟ್ರೆಕ್ಕಿಂಗ್, ನನಗಲ್ಲ.’ ಅಷ್ಟೇ ಹೇಳಿ ಎದ್ದು ಹೋದ. ಆಮೇಲೆ ಫೋನ್ ಎತ್ತುತ್ತಿಲ್ಲ.

ನಾನು ಮಾಡಿದ್ದು ಅಷ್ಟು ದೊಡ್ಡ ತಪ್ಪಾ? ನಂಬದವನು ಅಲ್ಲಿಗೆ ಹೋಗಲೇಬಾರದಾ?

ಮಲ್ಲೇನಹಳ್ಳಿಯವ:
ಬನ್ನಿ ಸ್ವಾಮಿ, ಬನ್ನಿ. ನಮ್ಮೂರಿನ ಬೆಟ್ಟ ಅದು. ಅರಿಶಿನಗುಪ್ಪೆ ಕಡೆಯಿಂದ ಹತ್ತುವವರನ್ನ, ಮಾಣಿಕ್ಯಧಾರಾ ಕಡೆಯಿಂದ ಬರುವವರನ್ನ ಚಿಕ್ಕಂದಿನಿಂದ ನೋಡಿದ್ದೇನೆ. ಬುಡದಲ್ಲಿ ನಿಲ್ಲಿಸಿ ‘ನೀನು ನಂಬ್ತೀಯಾ’ ಅಂತ ಯಾರೂ ಕೇಳಲ್ಲ. ಹರಕೆ ಹೊತ್ತವರು, ಹರಕೆ ತೀರಿಸುವವರು, ಸುಮ್ನೆ ಗೆಳೆಯರ ಜೊತೆ ಬಂದವರು, ಎಲ್ಲರೂ ಇರುತ್ತಾರೆ. ಕತ್ತಲಲ್ಲಿ ಕೈ ಹಿಡಿದು ಎಳೆದುಕೊಳ್ಳುವವರು ನಿಮ್ಮ ಜಾತಿ, ನಂಬಿಕೆ ಕೇಳಿ ಎಳೆದುಕೊಳ್ಳುವುದಿಲ್ಲ.

ಗಿರಿಸಾಲು:
ನಾನು ಒಪ್ಪಲ್ಲ. ವರ್ಷಕ್ಕೆ ಒಂದೇ ಸಲ ಹತ್ತುವ ಬೆಟ್ಟ ಅದು. ಉಳಿದ ಮುನ್ನೂರ ಅರವತ್ತು ಚಿಲ್ಲರೆ ದಿನ ಟ್ರೆಕ್ಕಿಂಗ್ ಮಾಡಲು ಬೇರೆ ಬೆಟ್ಟ ಇಲ್ವಾ? ರೀಲ್ಸ್ ಮಾಡುವವರು ಜಾಸ್ತಿ ಆಗಿ, ಮೇಲೆ ಹಚ್ಚುವ ಬೆಂಕಿಗೆ ಅಂತ ತಲೆ ಮೇಲೆ ಸೌದೆ ಹೊತ್ತು ಬರುವ ಹೆಂಗಸರಿಗೆ ದಾರಿ ಸಿಗುವುದಿಲ್ಲ. ಇಳಿಯುವಾಗ ನೋಡಿದರೆ ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್. ನಿಮ್ಮ ಗೆಳೆಯ ಹೇಳಿದ್ದು ಸರಿ.

ಮಲ್ಲೇನಹಳ್ಳಿಯವ:
ಬಾಟಲಿ ಎಸೆಯುವವರು ಬರೀ ಟ್ರೆಕ್ಕಿಂಗ್‌ನವರು ಅಂತ ಯಾರು ಹೇಳಿದ್ದು? ಹಣೆ ತುಂಬ ಕುಂಕುಮ ಇಟ್ಟುಕೊಂಡವರೂ ಎಸೆಯುತ್ತಾರೆ. ಹಬ್ಬದ ಮಾರನೇ ದಿನ ಚೀಲ ಹಿಡಿದು ಹೆಕ್ಕಲು ಹೋಗಿದ್ದೇನೆ, ನೋಡಿಯೇ ಹೇಳುತ್ತಿದ್ದೇನೆ.

ತುಂಗೆಯ ತಡಿ:
ಒಂದು ಪ್ರಶ್ನೆ. ಶೂ ಹಾಕಿದ್ದಿರಾ?

ಕಾಫಿಕಣ:
ಹಾಕಿದ್ದೆ. ಅವರು ಮೂವರೂ ಬರಿಗಾಲಲ್ಲಿ ಹತ್ತಿದರು.

ತುಂಗೆಯ ತಡಿ:
ಹಾಗಾದರೆ ಫೋಟೊಗಿಂತ ಅದೇ ಜಾಸ್ತಿ ನೋವಾಗಿರುತ್ತೆ. ಕೇಳಿ ನೋಡಿ.

ಹಾಸನದ ಸೊಸೆ:
ನನ್ನದೂ ಸ್ವಲ್ಪ ಇಂಥದ್ದೇ ಕಥೆ, ಅದಕ್ಕೇ ಬರೆಯುತ್ತಿದ್ದೇನೆ. ಮದುವೆಯಾಗಿ ಹಾಸನಕ್ಕೆ ಬಂದು ಹದಿನಾರು ವರ್ಷ ಆಯಿತು. ತವರಿನಲ್ಲಿ ದೇವಸ್ಥಾನಕ್ಕೆ ಹೋಗುವ ರೂಢಿಯೇ ಇರಲಿಲ್ಲ, ಅಪ್ಪ ಹಾಗೆ ಬೆಳೆಸಿದ್ದರು. ಇಲ್ಲಿ ನಮ್ಮತ್ತೆಗೆ ವರ್ಷಕ್ಕೊಮ್ಮೆ ಹಾಸನಾಂಬೆಯ ದರ್ಶನ ಆಗಲೇಬೇಕು. ಆಶ್ವಯುಜ ಹುಣ್ಣಿಮೆ ಆದ ಮೇಲಿನ ಮೊದಲ ಗುರುವಾರ ಬಾಗಿಲು ತೆಗೆದರು ಅಂದರೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಸಾವಿರ ರೂಪಾಯಿ ಟಿಕೆಟ್ ತೆಗೆದುಕೊಡುತ್ತೇನೆ, ಬೇಗ ಆಗುತ್ತೆ ಅಂದರೆ ಒಪ್ಪುವುದಿಲ್ಲ. ಧರ್ಮದರ್ಶನದ ಸಾಲಿನಲ್ಲೇ ನಿಲ್ಲಬೇಕು.

ಮೊದಲ ವರ್ಷ ನಾನು ಸಾಲಿನಲ್ಲಿ ನಿಂತು ಪೂರ್ತಿ ಹೊತ್ತು ಫೋನ್ ನೋಡುತ್ತಿದ್ದೆ. ಅತ್ತೆ ಏನೂ ಅನ್ನಲಿಲ್ಲ. ಎರಡನೇ ವರ್ಷ ‘ನೀನು ಬರೋದು ಬೇಡ, ಪಕ್ಕದ ಮನೆಯವರ ಜೊತೆ ಹೋಗ್ತೀನಿ’ ಅಂದರು. ಆಗ ತುಂಬ ನೋವಾಯಿತು. ನಾನೇ ಹಟ ಮಾಡಿ ಹೋದೆ, ಫೋನ್ ಮನೆಯಲ್ಲೇ ಬಿಟ್ಟು. ಆ ಸಾಲಿನಲ್ಲಿ ಐದು ತಾಸು ನಿಂತೆವು. ಸೊಸೆ ಕಲ್ಲಿನ ಕಥೆ ಅವರೇ ಹೇಳಿದರು. ಅತ್ತೆಯ ಕಾಟ ತಾಳಲಾರದ ಸೊಸೆ ಕಲ್ಲಾದಳಂತೆ. ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ದೇವಿಯ ಹತ್ತಿರ ಸರಿಯುತ್ತಾಳಂತೆ. ಹೇಳಿ ಮುಗಿಸಿ, ತಾವು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಏನೇನು ಅನುಭವಿಸಿದರು ಅಂತ ಶುರು ಮಾಡಿದರು. ಮನೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಒಳಗೆ ಹೋದಾಗ ನನ್ನ ಕೈ ಎಷ್ಟು ಗಟ್ಟಿ ಹಿಡಿದಿದ್ದರು ಅಂದರೆ ಬಳೆ ಒತ್ತಿ ಮಣಿಕಟ್ಟಿನ ಮೇಲೆ ಗುರುತು ಬಿದ್ದಿತ್ತು.

ನನಗೆ ಈಗಲೂ ಭಕ್ತಿ ಅಂತ ಏನೂ ಬಂದಿಲ್ಲ. ಆದರೆ ಪ್ರತಿ ವರ್ಷ ಹೋಗುತ್ತೇನೆ. ನೀವೂ ಹೋಗಿ, ಆದರೆ ಹೋದ ವರ್ಷದ ಹಾಗೆ ಹೋಗಬೇಡಿ.

ಲೆಕ್ಕದ ಮೇಷ್ಟ್ರು:
ಹಾಸನಾಂಬೆ ವಿಷಯ ಬಂತಲ್ಲ, ಕೇಳುತ್ತೇನೆ. ಮುಚ್ಚಿದ ಗುಡಿಯೊಳಗೆ ವರ್ಷವಿಡೀ ದೀಪ ಆರದೆ ಉರಿಯುತ್ತೆ, ಹೂ ಬಾಡಿರುವುದಿಲ್ಲ ಅಂತಾರಲ್ಲ, ಅದನ್ನ ಓದಿದವರೂ ನಂಬಬೇಕಾ? ಎಣ್ಣೆಗೂ ಒಂದು ಲೆಕ್ಕ ಇರುತ್ತೆ ಅಲ್ವಾ?

ಹಾಸನದ ಸೊಸೆ:
ನಾನು ದೀಪದ ಬಗ್ಗೆ ಒಂದು ಮಾತೂ ಬರೆದಿಲ್ಲ ಮೇಷ್ಟ್ರೇ.

ಗಿರಿಸಾಲು:
ಇದೇ ನೋಡಿ ತೊಂದರೆ. ಯಾರೋ ತಮ್ಮ ಅತ್ತೆಯ ಕೈ ಹಿಡಿದ ಕಥೆ ಹೇಳಿದರೆ ನಿಮಗೆ ಎಣ್ಣೆಯ ಲೆಕ್ಕ. ನಂಬಿಕೆ ಇರುವವರು ಬಾಯಿ ಬಿಡುವುದಕ್ಕೇ ಹೆದರುವ ಹಾಗೆ ಮಾಡುತ್ತೀರಿ.

ಲೆಕ್ಕದ ಮೇಷ್ಟ್ರು:
ಪ್ರಶ್ನೆ ಕೇಳುವುದು ಅವಮಾನ ಅಲ್ಲ. ಮಕ್ಕಳಿಗೆ ಪ್ರಶ್ನೆ ಕೇಳಿ ಅಂತ ದಿನಾ ಹೇಳುತ್ತೇನೆ, ನಾನೇ ಕೇಳದಿದ್ದರೆ ಹೇಗೆ? ಆದರೆ ಆ ತಂಗಿಯ ಮಾತಿನ ನಡುವೆ ಕೇಳಿದ್ದು ತಪ್ಪು. ಕ್ಷಮಿಸಿ ಅಮ್ಮಾ.

ಹಾಸನದ ಸೊಸೆ:
ಇರಲಿ ಸರ್. ನನ್ನ ಮಗಳೂ ಇದನ್ನೇ ಕೇಳುತ್ತಾಳೆ. ಅವಳ ಅಜ್ಜಿಯನ್ನೇ ಕೇಳು ಅಂತ ಕಳಿಸುತ್ತೇನೆ.

ಬೆಳಗೊಳದ ಬಂಡೆ:
ಬರಿಗಾಲಿನ ಬಗ್ಗೆ ನಾನು ಹೇಳಲೇಬೇಕು. ಶ್ರವಣಬೆಳಗೊಳದಲ್ಲಿ ನಂಬಿದವರು, ನಂಬದವರು, ಜೈನರು, ಬೇರೆಯವರು, ವಿದೇಶದವರು, ಯಾರೇ ಬಂದರೂ ಚಪ್ಪಲಿ ಕೆಳಗೇ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಎಲ್ಲ ಬಂಡೆಯಲ್ಲೇ ಕಡೆದದ್ದು. ಏಪ್ರಿಲ್ ಮಧ್ಯಾಹ್ನ ಹತ್ತಿದರೆ ಪಾದ ಸುಡುತ್ತೆ. ಚಾವುಂಡರಾಯ 981ರಲ್ಲಿ ನಿಲ್ಲಿಸಿದ 58 ಅಡಿಯ ಬಾಹುಬಲಿ, ಅವನ ಮೈಮೇಲೇ ಏನೂ ಇಲ್ಲ. ಅವನೆದುರು ನಾನು ಶೂ ಹಾಕಿಕೊಂಡು ನಿಲ್ಲುತ್ತೇನೆ ಅಂತ ಇಲ್ಲಿಯವರೆಗೂ ಯಾರೂ ನನ್ನ ಹತ್ತಿರ ವಾದ ಮಾಡಿಲ್ಲ. 2018ರ ಮಹಾಮಸ್ತಕಾಭಿಷೇಕದಲ್ಲಿ ಒಬ್ಬರು ನನಗೆ ನೇರವಾಗಿ ‘ನಾನು ಯಾವ ಧರ್ಮದವನೂ ಅಲ್ಲ’ ಅಂದರು. ಅವರೂ ಬರಿಗಾಲಲ್ಲೇ ಹತ್ತಿದ್ದರು. ಚಪ್ಪಲಿ ಬಿಡಲು ನಂಬಿಕೆ ಬೇಕಿಲ್ಲ. ಗೆಳೆಯನ ಮನೆಗೆ ಹೋದರೂ ಹೊರಗೇ ಬಿಡುತ್ತೀರಲ್ಲ?

ದಾದಿ, ಮೂಡಿಗೆರೆ:
ಒಂದು ಮಾತು ಸೇರಿಸಿ. ಶುಗರ್ ಇರುವವರು ದಯವಿಟ್ಟು ಬರಿಗಾಲಲ್ಲಿ ಹತ್ತಬೇಡಿ. ಪಾದದಲ್ಲಿ ಸ್ಪರ್ಶ ಕಡಿಮೆ ಆಗಿರುತ್ತೆ, ಕಲ್ಲು ಚುಚ್ಚಿದ್ದು ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ. ಹಬ್ಬ ಮುಗಿದ ವಾರ ಇಂಥ ಪಾದಗಳನ್ನ ತೊಳೆದು ಪಟ್ಟಿ ಕಟ್ಟಿದ್ದೇನೆ. ಹೆಬ್ಬೆರಳು ಕಳೆದುಕೊಂಡವರೂ ಇದ್ದಾರೆ. ದಪ್ಪ ಕಾಲುಚೀಲ ಹಾಕಿಕೊಂಡರೆ ದೇವಿ ಕೋಪ ಮಾಡಿಕೊಳ್ಳುವುದಿಲ್ಲ. ನಾನೂ ಆ ತಾಯಿಯನ್ನ ನಂಬುವವಳೇ, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ.

ಮಲ್ಲೇನಹಳ್ಳಿಯವ:
ಸರಿಯಾಗಿ ಹೇಳಿದಿರಿ ಸಿಸ್ಟರ್. ಮಳೆ ಬಂದರಂತೂ ಇನ್ನೂ ಕಷ್ಟ. 2024ರಲ್ಲಿ ನೆಲ ಕೆಸರಾಗಿ ಎಷ್ಟೋ ಜನ ಜಾರಿ ಬಿದ್ದು ಪೆಟ್ಟು ಮಾಡಿಕೊಂಡರು.

ಬೆಂಗಳೂರು ವಾಸಿ:
ಮುಳ್ಳಯ್ಯನಗಿರಿಗಿಂತ ಎತ್ತರವಾ ಇದು? ಅದನ್ನೇ ಹತ್ತಿದ್ದೇನೆ, ಇದು ಕಷ್ಟ ಆಗಲಿಕ್ಕಿಲ್ಲ.

ಗಿರಿಸಾಲು:
ಮುಳ್ಳಯ್ಯನಗಿರಿಯೇ ಎತ್ತರ. 1930 ಮೀಟರ್, ಇಡೀ ಕರ್ನಾಟಕದಲ್ಲೇ ಅದಕ್ಕಿಂತ ಎತ್ತರದ್ದಿಲ್ಲ. ಆದರೆ ಅಲ್ಲಿ ತುಂಬ ಮೇಲಿನವರೆಗೂ ಗಾಡಿ ಹೋಗುತ್ತೆ, ಕೊನೆಗೆ ಮೆಟ್ಟಿಲು ಹತ್ತಿದರೆ ಗುಡಿ. ದೇವೀರಮ್ಮನ ಬೆಟ್ಟಕ್ಕೆ ಮೆಟ್ಟಿಲಿಲ್ಲ. ಕೆಲವು ಕಡೆ ಮುಂದಿನವರ ಹಿಮ್ಮಡಿ ನಿಮ್ಮ ಮುಖದ ಮಟ್ಟಕ್ಕೆ ಇರುತ್ತೆ. ಹುಲ್ಲು, ಬೇರು ಹಿಡಿದು ಹತ್ತಬೇಕು.

ಪಿಕಳಾರ:
ನನಗೆ ಪೂಜೆ ಗೊತ್ತಿಲ್ಲ, ಹಕ್ಕಿ ನೋಡುವುದೇ ನನ್ನ ಹುಚ್ಚು. ಆದರೆ ಇಲ್ಲಿ ಹವ್ಯಾಸ ಅಂದರೆ ಏನೋ ಹಗುರ, ಭಕ್ತಿ ಅಂದರೆ ಭಾರ ಅನ್ನುವ ಹಾಗೆ ಮಾತಾಡುತ್ತಿದ್ದಾರೆ. ಅದು ಸರಿ ಅನ್ನಿಸಲಿಲ್ಲ. ಬೆಳಗಿನ ಜಾವ ಶೋಲಾ ಕಾಡಿನ ತೊರೆಯ ಪಕ್ಕ ಕೂತಾಗ ಮಲಬಾರ್ ವಿಸ್ಲಿಂಗ್ ಥ್ರಷ್ ಕೂಗುತ್ತೆ. ಯಾರೋ ಹುಡುಗ ತನ್ನಷ್ಟಕ್ಕೆ ಶಿಳ್ಳೆ ಹಾಕಿಕೊಂಡು ಹೋದ ಹಾಗೆ. ಅದು ನಿಲ್ಲುವವರೆಗೂ ನಾನು ಕೈಕಾಲು ಆಡಿಸುವುದಿಲ್ಲ. ಇಂಬಳ (ಜಿಗಣೆ) ಕಾಲಿಗೆ ಹತ್ತಿದ್ದು ಗೊತ್ತಾದರೂ ಬಗ್ಗುವುದಿಲ್ಲ. ಇದಕ್ಕೆ ನೀವು ಏನು ಹೆಸರು ಇಡುತ್ತೀರಿ?

2022ರಲ್ಲಿ ಚಂದ್ರದ್ರೋಣದ ಸಾಲಿನಲ್ಲಿ ನೀಲಕುರಿಂಜಿ ಅರಳಿತ್ತಲ್ಲ, ಆಗ ಗುಡ್ಡಕ್ಕೆ ಗುಡ್ಡವೇ ನೀಲಿ. ಜನ ಬಂದು ಕಂತೆ ಕಂತೆ ಕಿತ್ತು ತಲೆಗೆ ಮುಡಿದು ಫೋಟೊ ತೆಗೆದುಕೊಂಡರು. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು ಬೀಜ ಉದುರಿಸಿ ಸಾಯುವ ಗಿಡ ಅದು. ಅವತ್ತು ನನಗೆ ಆದ ಸಂಕಟವೇ ನಿಮ್ಮ ರೈಟರ್ ಗೆಳೆಯನಿಗೂ ಆಗಿರಬೇಕು.

ಕಾಫಿಕಣ:
ಪಿಕಳಾರ ಅವರೇ, ನೀವು ಹೇಳಿದ ಮೇಲೆ ಸ್ವಲ್ಪ ಅರ್ಥ ಆಗುತ್ತಿದೆ. ಆ ವರ್ಷ ನಾವೂ ಹೋಗಿದ್ದೆವು. ಹೂ ಕೀಳುತ್ತಿದ್ದವರ ಜೊತೆ ಜಗಳಕ್ಕೆ ನಿಂತಿದ್ದು ಇದೇ ರೈಟರ್. ನಾನು ಅವನ ಪರ ನಿಂತಿದ್ದೆ.

ಬೇಲೂರು ಕೋಟೆ:
ನಮ್ಮ ಊರಿನ ಮಾತು ಹೇಳುತ್ತೇನೆ. ಚೆನ್ನಕೇಶವನ ರಥೋತ್ಸವದಲ್ಲಿ ಖಾಜಿಯವರು ಬಂದು ಕುರಾನ್ ಓದುವ ವಾಡಿಕೆ ಹಿಂದಿನಿಂದ ನಡೆದು ಬಂದದ್ದು. 2022ರಲ್ಲಿ ಅದು ಬೇಡ ಅಂತ ಗಲಾಟೆ ಎದ್ದಿತ್ತು, ಆದರೂ ಆ ವರ್ಷ ಓದಿದರು, ತೇರು ಎಳೆದೆವು. ಆ ಖಾಜಿಯವರು ಕೇಶವನನ್ನ ಪೂಜಿಸುವುದಿಲ್ಲ, ನಾನು ಕುರಾನ್ ಓದುವುದಿಲ್ಲ. ಆದರೂ ಅವರು ಅವತ್ತು ಬರದಿದ್ದರೆ ಏನೋ ಕಮ್ಮಿ ಆಯಿತು ಅನ್ನಿಸುತ್ತೆ. ನಂಬದವರು ಬರಬಾರದು ಅನ್ನುವ ನಿಯಮ ನಮ್ಮ ಸೀಮೆಗೆ ಒಗ್ಗುವುದಿಲ್ಲ.

ಗಿರಿಸಾಲು:
ಅದು ಬೇರೆ, ಇದು ಬೇರೆ. ಖಾಜಿಯವರು ಅಲ್ಲಿ ಒಂದು ಮರ್ಯಾದೆಗೆ ಬರುತ್ತಾರೆ. ಇವರು ಎಣಿಕೆಗೆ ಹತ್ತಿದ್ದಾರೆ. ‘ಒಂಬತ್ತನೇ ಟ್ರೆಕ್ಕಿಂಗ್.’

ಬೇಲೂರು ಕೋಟೆ:
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪಿದೆ.

ಕಾಫಿಕಣ:
ಗಿರಿಸಾಲು ಅವರೇ, ಆ ಎಣಿಕೆ ನನಗೂ ಈಗ ಚುಚ್ಚುತ್ತಿದೆ. ಇನ್ನೊಂದು ವಿಷಯ ಮೊದಲೇ ಹೇಳಬೇಕಿತ್ತು. ಗ್ಯಾರೇಜಿನ ಗೆಳೆಯ ಕ್ರೈಸ್ತ. ಭಾನುವಾರ ಬೆಳಗಿನ ಪೂಜೆ ಮುಗಿಸಿಕೊಂಡೇ ನಮ್ಮ ಜೊತೆ ಬೆಟ್ಟಕ್ಕೆ ಬರುವವನು. ಅವನೂ ಹೋದ ವರ್ಷ ಬರಿಗಾಲಲ್ಲೇ ಹತ್ತಿದ. ಯಾಕೋ ಅಂತ ಕೇಳಿದ್ದಕ್ಕೆ ‘ಅವನಮ್ಮ ನನಗೂ ಊಟ ಹಾಕಿ ಬೆಳೆಸಿದ್ದಾಳೆ’ ಅಂದಿದ್ದ. ಆಗ ನನಗೆ ಆ ಮಾತು ತಲೆಗೆ ಹೋಗಲಿಲ್ಲ. ಆ ಅಮ್ಮ ನನಗೂ ಊಟ ಹಾಕಿದ್ದಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೂ ಅವರ ಮನೆಯಲ್ಲೇ ಓದಿಕೊಳ್ಳುತ್ತಿದ್ದೆವು.

ಶೆಟ್ಟಿಹಳ್ಳಿ ಫೋಟೊ:
ಕ್ಯಾಮೆರಾ ಹಿಡಿಯುವವನಾಗಿ ಒಂದು ಮಾತು. ಶೆಟ್ಟಿಹಳ್ಳಿಯ ಹಳೇ ಚರ್ಚು ಗೊತ್ತಲ್ಲ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲ ಅರ್ಧ ಮುಳುಗುತ್ತೆ. ನಾನು ಅಲ್ಲಿ ಹತ್ತಾರು ಸಲ ಫೋಟೊ ತೆಗೆದಿದ್ದೇನೆ. ಒಂದು ಸಲ ಒಬ್ಬ ಅಜ್ಜ ಒಡೆದ ಗೋಡೆಯ ಹತ್ತಿರ ಟೋಪಿ ತೆಗೆದು ನಿಂತಿದ್ದರು. ಬೆಳಕು ಬಹಳ ಚೆನ್ನಾಗಿತ್ತು. ಕ್ಲಿಕ್ ಮಾಡಿದೆ. ಅವರು ತಿರುಗಿ ನೋಡಿ ‘ನನ್ನ ಹೆಸರಿಟ್ಟ ಜಾಗ ಇದು ಮಗಾ’ ಅಂದರು. ಅವರನ್ನು ಕೇಳಿ ತೆಗೆಯಬೇಕಿತ್ತು ಅಂತ ಅವತ್ತೇ ಅನ್ನಿಸಿತು. ಅವರ ಎದುರಲ್ಲೇ ಆ ಫೋಟೊ ಅಳಿಸಿದೆ. ಆಮೇಲೆ ಅವರೇ ‘ಈಗ ತೆಗಿ’ ಅಂತ ಹೇಳಿ ಕಂಬಕ್ಕೆ ಒರಗಿ ನಿಂತರು.

ಕೈ ಮುಗಿದು ನಿಂತವರ ಫೋಟೊ ಅವರನ್ನ ಕೇಳದೆ ಹಾಕಬಾರದು. ನಿಮ್ಮ ತಪ್ಪು ಇರುವುದು ಅಲ್ಲಿ. ನಂಬಿಕೆ ಇಲ್ಲದ್ದು ತಪ್ಪಲ್ಲ.

ಬಿಂಡಿಗದ ಮೊಮ್ಮಗಳು:
ನಾನು ಈಗ ಬೆಂಗಳೂರಿನಲ್ಲಿದ್ದೇನೆ. ಇದನ್ನೆಲ್ಲ ಓದಿ ಗಂಟಲು ಕಟ್ಟಿತು. ನಮ್ಮಜ್ಜಿ ವಯಸ್ಸಾಗಿ ಬೆಟ್ಟ ಹತ್ತುವುದು ನಿಲ್ಲಿಸಿದ ಮೇಲೆ, ಹಬ್ಬದ ಸಂಜೆ ಅಂಗಳದಲ್ಲಿ ಮಣೆ ಹಾಕಿಕೊಂಡು ಬೆಟ್ಟದ ತುದಿಯನ್ನೇ ನೋಡುತ್ತಾ ಕೂರುತ್ತಿದ್ದರು. ಮೇಲೆ ಬೆಂಕಿ ಕಾಣಿಸಿದ ಕೂಡಲೇ ಎದ್ದು ಆರತಿ ಎತ್ತುತ್ತಿದ್ದರು. ಮಂಜು ಮುಚ್ಚಿದ್ದರೆ ಕಾಯುತ್ತಿದ್ದರು. ನಾವು ಮಕ್ಕಳಿಗೆ ಹಸಿವು, ಅಲ್ಲಿಯವರೆಗೂ ಹೋಳಿಗೆ ಮುಟ್ಟುವ ಹಾಗಿಲ್ಲ. ಒಂದು ವರ್ಷ ರಾತ್ರಿ ಒಂಬತ್ತರವರೆಗೂ ಮಂಜು ಸರಿಯಲಿಲ್ಲ. ಅಜ್ಜಿ ಆರತಿ ತಟ್ಟೆಯ ಕರ್ಪೂರ ನೆನೆಯದ ಹಾಗೆ ಸೆರಗು ಮುಚ್ಚಿಕೊಂಡು ಕೂತೇ ಇದ್ದರು.

ಆ ಬೆಂಕಿಗೆ ಹಾಕುವುದು ನೀವೆಲ್ಲ ಹೊತ್ತುಕೊಂಡು ಹೋದ ಸೌದೆಯೇ. ಕೆಳಗೆ ಎಷ್ಟು ಅಂಗಳಗಳಲ್ಲಿ ಎಷ್ಟು ಅಜ್ಜಿಯರು ಕಾಯುತ್ತಿರುತ್ತಾರೆ ಅಂತ ಒಂದು ಸಲ ಯೋಚನೆ ಮಾಡಿ. ಈ ಸಲ ಒಂದು ಕಟ್ಟು ಸೌದೆ ಹೊರಿ. ನಂಬುವುದು ಬಿಡುವುದು ಆಮೇಲೆ ನೋಡಿದರಾಯ್ತು.

ಲೆಕ್ಕದ ಮೇಷ್ಟ್ರು:
ಇದು ಚೆನ್ನಾಗಿದೆ. ನಾನೂ ನಂಬದವನೇ, ಆದರೆ ಸೌದೆ ಹೊರುವುದಕ್ಕೆ ನನ್ನ ತಕರಾರಿಲ್ಲ. ಒಣ ಸೌದೆ ಹೊರಿ, ಹಸಿದಾದರೆ ಹೊಗೆ ಜಾಸ್ತಿ.

ಬೆಂಗಳೂರು ವಾಸಿ:
ಮೇಲೆ ಕಾಫಿ ಟೀ ಸಿಗುತ್ತಾ?

ಪಿಕಳಾರ:
ಫ್ಲಾಸ್ಕ್ ತೆಗೆದುಕೊಂಡು ಹೋಗಿ. ಮನೆಯ ಫಿಲ್ಟರ್ ಕಾಫಿಯೇ ಒಳ್ಳೇದು. ಚಿಕೋರಿ ಹಾಕಬೇಡಿ ಅಷ್ಟೇ.

ತುಂಗೆಯ ತಡಿ:
ಚಿಕೋರಿ ಇಲ್ಲದೆ ಡಿಕಾಕ್ಷನ್ ಗಟ್ಟಿ ಬರುವುದು ಹೇಗೆ? ನೂರಕ್ಕೆ ಇಪ್ಪತ್ತು ಇರಲೇಬೇಕು.

ಪಿಕಳಾರ:
ಬಾಬಾಬುಡನ್ ಏಳು ಕಾಫಿ ಬೀಜ ತಂದು ನೆಟ್ಟರು ಅನ್ನುವ ಸಾಲಿನ ಬೆಟ್ಟಕ್ಕೆ ಬೇರಿನ ಪುಡಿ ಬೆರೆಸಿದ ಕಾಫಿ ತೆಗೆದುಕೊಂಡು ಹೋಗುವುದಾ? ಅರೇಬಿಕಾ ಮುಕ್ಕಾಲು, ರೋಬಸ್ಟಾ ಕಾಲು ಹಾಕಿ ನೋಡಿ. ಗಟ್ಟಿ ತಾನಾಗೇ ಬರುತ್ತೆ.

ಕಾಫಿಕಣ:
ಪಿಕಳಾರ ಅವರು ಹೇಳಿದ ಅಳತೆ ಸರಿ. ದಿನಾ ಬೀಜದ ನಡುವೆ ಇರುವವನು ನಾನು.

ದಾದಿ, ಮೂಡಿಗೆರೆ:
ಕಾಫಿ ಇರಲಿ, ನೀರು ಜಾಸ್ತಿ ತೆಗೆದುಕೊಂಡು ಹೋಗಿ. ಖಾಲಿ ಬಾಟಲಿ ವಾಪಸ್ ತನ್ನಿ.

ಗಿರಿಸಾಲು:
ಕಾಫಿಕಣ ಅವರೇ, ನಾನು ಸ್ವಲ್ಪ ಖಾರವಾಗಿ ಬರೆದೆ. ಆದರೆ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ಒಂದೇ ಸಲಹೆ. ಫೋನ್ ಮಾಡಬೇಡಿ, ಮನೆಗೆ ಹೋಗಿ. ಅವನ ಹತ್ತಿರ ಮಾತಾಡುವ ಮೊದಲು ಅವರಮ್ಮನ ಹತ್ತಿರ ಕೂತುಕೊಳ್ಳಿ.

ಕಾಫಿಕಣ:
ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಅವರ ಮನೆಗೆ ಹೋಗಿದ್ದೆ. ಅವನು ತೋಟದಿಂದ ಬಂದಿರಲಿಲ್ಲ. ಅಮ್ಮ ಜಗಲಿಯಲ್ಲಿ ಕೂತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಮೂವತ್ತು ವರ್ಷಕ್ಕೂ ಜಾಸ್ತಿ ಆ ಬೆಟ್ಟ ಹತ್ತಿದವರು, ಹೋದ ವರ್ಷವೇ ಮೊದಲ ಸಲ ಆಗದೆ ಮಗನ ಕೈಲಿ ಸೀರೆ ಕಳಿಸಿದ್ದು. ಅದು ನನಗೆ ಗೊತ್ತೇ ಇರಲಿಲ್ಲ. ಅವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಫೋಟೊ ಅವರ ಫೋನಿಗೂ ಯಾರೋ ಕಳಿಸಿದ್ದಾರೆ. ತೆಗೆದು ತೋರಿಸಿದರು. ಬರೆದಿದ್ದ ಸಾಲು ಅವರಿಗೆ ಬೇಕಿರಲಿಲ್ಲ. ಬೆರಳಲ್ಲಿ ಫೋಟೊ ದೊಡ್ಡದು ಮಾಡಿ ‘ಸೀರೆ ಅಂಚು ಸರಿಯಾಗಿ ಬಂದಿದೆ ನೋಡು’ ಅಂದರು.

ಅವನು ಬಂದ. ನಾನು ಫೋಟೊ ತೆಗೆದದ್ದಕ್ಕೂ ಶೂ ಹಾಕಿದ್ದಕ್ಕೂ ಕ್ಷಮೆ ಕೇಳಿದೆ. ನನಗೆ ನಂಬಿಕೆ ಬಂದಿಲ್ಲ, ಬಂತು ಅಂತ ಸುಳ್ಳು ಹೇಳಲ್ಲ ಅಂತಲೂ ಹೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ‘ನಿನ್ನ ಕಾಲು ತಡೆಯುತ್ತಾ?’ ಅಂದ.

ಈಗ ದಿನಾ ಬೆಳಗ್ಗೆ ಕ್ಯೂರಿಂಗ್ ಕಣದ ಸುತ್ತ ಬರಿಗಾಲಲ್ಲಿ ನಡೆಯುತ್ತಿದ್ದೇನೆ. ದಾದಿ ಸಿಸ್ಟರ್, ನನಗೆ ಶುಗರ್ ಇಲ್ಲ, ಚೆಕ್ ಮಾಡಿಸಿದೆ.

ಬಿಂಡಿಗದ ಮೊಮ್ಮಗಳು:
ಸೌದೆ?

ಕಾಫಿಕಣ:
ಅವರ ತೋಟದ ಸಿಲ್ವರ್ ಓಕ್ ಕೊಂಬೆ, ಕಡಿದು ಒಣಗಿಸಿದ್ದು. ಅಮ್ಮನೇ ಕಟ್ಟಿ ಇಟ್ಟಿದ್ದಾರೆ. ನಾಲ್ಕು ಕಟ್ಟು.